ತಪ್ಪು ತಿಳುವಳಿಕೆಗಳ ಕಾರ್ಡ್ ಗೇಮ್: ವಾದಕ್ಕೆ ಸಖತ್ತಾಗಿದೆ, ಉತ್ತರ ಕೆಲವು ಕಡೆ ಅರ್ಧಂಬರ್ಧ

ಕಾರ್ಡಿನ ಮುಂದುಗಡೆ ಜನ ನಂಬ್ಕೊಂಡು ಬಂದಿರೋ ಒಂದು ಮಾತು, ಹಿಂದುಗಡೆ ಸರಿನಾ ತಪ್ಪಾ ಅಂತ ಉತ್ತರ, ಆಟ ಇಷ್ಟೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು ಗುಂಪಲ್ಲಿ ಒಬ್ರಾದ್ರೂ ಇರ್ಬೇಕು, ಇಲ್ಲಾಂದ್ರೆ ಹತ್ತು ನಿಮಿಷಕ್ಕೆ ಬೋರ್ ಹೊಡಿಯುತ್ತೆ. ನಮ್ ಗುಂಪಲ್ಲಿ ಅಂಥೋರಿಗೇನೂ ಬರ ಇಲ್ಲ ಬಿಡಿ.

ಬರೀ 'ತಪ್ಪು' ಅನ್ನದೆ ಯಾಕೆ ಅಂತಾನೂ ಹೇಳೋ ಕಾರ್ಡ್‌ಗಳು ನಿಜವಾಗ್ಲೂ ಚೆನ್ನಾಗಿವೆ. ನೆಟಿಗೆ ಮುರಿದ್ರೆ ಸಂಧಿವಾತ ಬರುತ್ತೆ ಅನ್ನೋ ಕಾರ್ಡ್ ತಿರುಗಿಸಿದ್ರೆ ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ ಕಥೆ ಇದೆ, ಆ ಪುಣ್ಯಾತ್ಮ ಸುಮಾರು 60 ವರ್ಷ ಎಡಗೈ ಬೆರಳು ಮಾತ್ರ ನೆಟಿಗೆ ಮುರ್ಕೊಂಡು ಬಲಗೈ ಹಂಗೇ ಬಿಟ್ಟಿದ್ನಂತೆ, ಎರಡು ಕೈಗೂ ಏನೂ ಆಗ್ಲಿಲ್ಲ, 2009ರಲ್ಲಿ ಇಗ್ನೊಬೆಲ್ ಅನ್ನೋ, ವಿಚಿತ್ರ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ ಬಂತು. ಒಬ್ಬನ ಕೈ ನೋಡಿ ಎಲ್ರಿಗೂ ತೀರ್ಪು ಕೊಡಕ್ಕಾಗಲ್ಲ ಅನ್ನೋದು ಬೇರೆ ಮಾತು, ಆದ್ರೂ ಓದಿದ ತಕ್ಷಣ ಎಲ್ರೂ ಬೆರಳು ಮುರಿಯೋಕೆ ಶುರು ಹಚ್ಕೊಂಡ್ರು.

ಬೇಸಿಗೆಲಿ ಭೂಮಿ ಸೂರ್ಯನ ಹತ್ರ ಬರುತ್ತೆ ಅನ್ನೋದಕ್ಕೇ ಜಾಸ್ತಿ ಗಲಾಟೆ ಆಗಿದ್ದು. ಹತ್ರ ಬರೋದು ಜನವರಿ ಮೊದಲ ವಾರದಲ್ಲಿ, ಆಗ ಸುಮಾರು 14.7 ಕೋಟಿ ಕಿ.ಮೀ., ಜುಲೈಲಿ 15.2 ಕೋಟಿ. "ಹಂಗಾದ್ರೆ ಉತ್ತರ ಗೋಳಾರ್ಧದವ್ರು ಜನವರಿಲಿ ಯಾಕಪ್ಪಾ ನಡುಗ್ತಾರೆ?" ಅಂದ ಮೇಲೇನೇ ವಾದ ಮಾಡ್ತಿದ್ದ ಆಸಾಮಿ ಸುಮ್ನಾಗಿದ್ದು. ಭೂಮಿ ಸುಮಾರು 23.4 ಡಿಗ್ರಿ ವಾಲಿರೋದ್ರಿಂದ ಋತು ಬದಲಾಗೋದು ಅಂತ ಚಿತ್ರ ಸಮೇತ ಹಾಕಿದಾರೆ, ಅದಕ್ಕೆ ಫುಲ್ ಮಾರ್ಕ್ಸ್.

ಚಂದ್ರನಿಂದ ಚೀನಾ ಗೋಡೆ ಕಾಣುತ್ತೆ ಅನ್ನೋದಕ್ಕೆ ಮಾತ್ರ ಬರೀ 'ತಪ್ಪು'. ಇಷ್ಟು ಹೇಳಿದ್ರೆ ಯಾರು ಒಪ್ತಾರೆ? ಗೋಡೆ ಉದ್ದ ಸಾವಿರಾರು ಕಿಲೋಮೀಟರ್ ಇದ್ರೂ ಅಗಲ ಕೆಲವೇ ಮೀಟರ್, ಬಣ್ಣಾನೂ ಸುತ್ತಲಿನ ಮಣ್ಣಿನಂಥದ್ದೇ. ಚಂದ್ರ ಹಾಗಿರ್ಲಿ, 2003ರಲ್ಲಿ ಭೂಮಿ ಸುತ್ತಿ ಬಂದ ಚೀನಾದ ಗಗನಯಾತ್ರಿ ಯಾಂಗ್ ಲಿವೇಯೇ ನಂಗೆ ಕಾಣ್ಲಿಲ್ಲ ಅಂದಿದ್ದ. ಅದೊಂದು ಸಾಲು ಹಾಕೋಕೆ ಏನು ಧಾಡಿ?

ಇನ್ನು ವಿಮಾನದ ಕಾರ್ಡು, ಇದು ನಂಗೆ ತಲೆ ಕೆಟ್ಟಿದ್ದು. ರೆಕ್ಕೆ ಮೇಲ್ಗಡೆ ದಾರಿ ಉದ್ದ, ಕೆಳಗಿನ ಗಾಳಿ ಜೊತೆನೇ ತುದಿ ಸೇರ್ಬೇಕು ಅಂತ ಮೇಲಿನ ಗಾಳಿ ಸ್ಪೀಡಾಗಿ ಹೋಗುತ್ತೆ, ಅದಕ್ಕೇ ವಿಮಾನ ಹಾರುತ್ತೆ ಅಂತ ಉತ್ತರ ಕೊಟ್ಟಿದಾರೆ. ಸ್ವಾಮಿ, ಅದೇ ಒಂದು ತಪ್ಪು ತಿಳುವಳಿಕೆ! ಎರಡೂ ಒಟ್ಟಿಗೆ ಸೇರ್ಬೇಕು ಅನ್ನೋ ನಿಯಮ ಎಲ್ಲೂ ಇಲ್ಲ, ನಿಜವಾಗಿ ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತೆ. ಆ ಲೆಕ್ಕದಲ್ಲಿ ತಲೆಕೆಳಗಾಗಿ ಹಾರೋ ಸಾಹಸದ ವಿಮಾನಗಳು ನೆಲಕ್ಕೆ ಬೀಳ್ಬೇಕಿತ್ತಲ್ವಾ. ರೆಕ್ಕೆ ಗಾಳಿನ ಕೆಳಕ್ಕೆ ತಳ್ಳುತ್ತೆ, ಗಾಳಿ ರೆಕ್ಕೆನ ಮೇಲಕ್ಕೆ ತಳ್ಳುತ್ತೆ ಅಂತ ಬರೆದಿದ್ರೂ ಸಾಕಿತ್ತು.

ಅಕ್ಷರ ಚಿಕ್ಕದು, ಕಾರ್ಡಿನ ಮೂಲೆ ಬೇಗ ಮಡಚ್ಕೊಳ್ಳುತ್ತೆ. ಐದಕ್ಕೆ ಮೂರೂವರೆ ಸ್ಟಾರ್. ತಗೊಳ್ಳಿ, ಆದ್ರೆ ಆ ವಿಮಾನದ ಕಾರ್ಡ್ ಮಕ್ಕಳ ಕೈಗೆ ಸಿಗೋ ಮುಂಚೆ ತೆಗೆದಿಟ್ಬಿಡಿ.