ಗೆದ್ದ ಪಂದ್ಯದಲ್ಲೇ ಕೈ ತಪ್ಪಿದ ಸೆಮಿಫೈನಲ್: ನಮ್ಮ ಕ್ಲಬ್‌ನ ಈ ಸೀಸನ್, ಸ್ಕೋರರ್ ಕಂಡ ಹಾಗೆ

ಮೊದಲೇ ಹೇಳಿಬಿಡುತ್ತೇನೆ, ಈ ಸೀಸನ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಸೆಮಿಫೈನಲ್‌ಗೇ ಹೋಗದ ಟೀಮಿಗೆ ಇದು ಜಾಸ್ತಿ ಆಯ್ತು ಅಲ್ವಾ ಅಂತ ನಿಮಗೆ ಅನ್ನಿಸಬಹುದು. ನಾಲ್ಕನೇ ಸ್ಥಾನಕ್ಕೆ ಬಂದವರಿಗೂ ನಮಗೂ ಪಾಯಿಂಟ್ಸ್ ಒಂದೇ. ನೆಟ್ ರನ್ ರೇಟ್‌ನಲ್ಲಿ, ಅಂದರೆ ಓವರ್‌ಗೆ ನಾವು ಮಾಡಿದ ಸರಾಸರಿ ರನ್ನಿನಿಂದ ಎದುರಾಳಿಗಳಿಗೆ ಕೊಟ್ಟ ಸರಾಸರಿ ಕಳೆದು ಬರುವ ಲೆಕ್ಕದಲ್ಲಿ, ನಾವು ಹಿಂದೆ ಬಿದ್ದೆವು, ಅದೂ ಕೂದಲೆಳೆಯಷ್ಟು. ಟೇಬಲ್ ಮಾತ್ರ ನೋಡಿದವರಿಗೆ ನಮ್ಮದು ಐದನೇ ಸ್ಥಾನದ ಟೀಮು. ಪ್ರತಿ ಬಾಲ್ ಬರೆದುಕೊಂಡ ನನಗೆ ಹಾಗೆ ಕಾಣುವುದಿಲ್ಲ.

ನಾನು ಈ ಕ್ರಿಕೆಟ್ ಕ್ಲಬ್‌ನ ಸ್ಕೋರರ್. ಸಂಬಳ ಇಲ್ಲ, ಯಾರೂ ನೇಮಿಸಿದ್ದೂ ಅಲ್ಲ. ಅಣ್ಣ ಆಡುತ್ತಿದ್ದ ಕಾಲದಲ್ಲಿ ಸುಮ್ನೆ ನೋಡೋಕೆ ಅಂತ ಹೋಗುತ್ತಿದ್ದೆ. ಒಮ್ಮೆ ಬರೆಯುವವರು ಬರಲಿಲ್ಲ, ಪುಸ್ತಕ ನನ್ನ ಕೈಗೆ ಬಂತು. ಅಣ್ಣ ಆಡುವುದು ಬಿಟ್ಟು ವರ್ಷಗಳೇ ಆದವು. ಪುಸ್ತಕ ಮಾತ್ರ ನನ್ನ ಹತ್ತಿರವೇ ಉಳಿಯಿತು. ಈಗಿನ ಹುಡುಗರಿಗೆಲ್ಲ ನಾನು ಅಕ್ಕ. ಬೌಂಡರಿ ಗೆರೆ ಹತ್ತಿರ ನಿಂತವರು ಓವರ್ ಮಧ್ಯೆ ತಿರುಗಿ "ಅಕ್ಕಾ, ಎಷ್ಟಾಯ್ತು?" ಅನ್ನುತ್ತಾರೆ. ಇವರಲ್ಲಿ ಯಾರೂ ದುಡ್ಡಿಗೆ ಆಡುವವರಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದು ಓಪನಿಂಗ್ ಆಡುವವನಿದ್ದಾನೆ. ಪರೀಕ್ಷೆ ಪುಸ್ತಕ ಕಿಟ್ ಬ್ಯಾಗಿನಲ್ಲಿಟ್ಟುಕೊಂಡು ಬರುವವನಿದ್ದಾನೆ. ವಾರವೆಲ್ಲ ದುಡಿದು, ಸಿಗುವ ಒಂದೇ ರಜೆಯನ್ನು ಬಿಸಿಲಿಗೆ ಕೊಡುವ ಜನ ಇವರು. ಇವರ ಆಟವನ್ನು ಟೀವಿಯಲ್ಲಿ ಬರುವ ಆಟದ ಪಕ್ಕ ಇಟ್ಟು ಅಳೆಯಬಾರದು. ಹಾಗಂತ ರಿಯಾಯಿತಿ ಕೊಟ್ಟೂ ಅಳೆಯಬಾರದು.

ಈಗ ಸೀಸನ್ ಮುಗಿದ ಮೇಲೆ ಕ್ಲಬ್‌ನಲ್ಲಿ ಓಡಾಡುತ್ತಿರುವ ಒಂದು ಮಾತಿದೆ. ಕ್ಯಾಪ್ಟನ್ ಆ ಬ್ಯಾಟ್ಸ್‌ಮನ್‌ನನ್ನು ವಾಪಸ್ ಕರೆಯದಿದ್ದರೆ ನಾವು ಸೆಮಿಫೈನಲ್‌ನಲ್ಲಿ ಇರುತ್ತಿದ್ದೆವು ಅನ್ನುವುದು. ನನಗೆ ಇದು ಸರಿ ಅನ್ನಿಸುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕು.

ಆಗಿದ್ದು ಇಷ್ಟು. ಎದುರಾಳಿ ಬ್ಯಾಟ್ಸ್‌ಮನ್ ಡ್ರೈವ್ ಮಾಡಿದ. ಶಾರ್ಟ್ ಕವರ್‌ನಲ್ಲಿದ್ದ ನಮ್ಮ ಹುಡುಗ ಮುಂದಕ್ಕೆ ಬಿದ್ದು ಹಿಡಿದ. ಎಲ್ಲರೂ ಕೂಗಿದರು, ಅಂಪೈರ್ ಬೆರಳೆತ್ತಿದರು. ನಾನು ಪುಸ್ತಕದಲ್ಲಿ ವಿಕೆಟ್ ಬರೆದೂ ಆಗಿತ್ತು. ನೋಡಿದರೆ ಹಿಡಿದ ಹುಡುಗ ಇನ್ನೂ ಮಂಡಿಯ ಮೇಲೇ ಕೂತಿದ್ದಾನೆ, ಕುಣಿಯುತ್ತಿಲ್ಲ. ಕ್ಯಾಪ್ಟನ್ ಹತ್ತಿರ ಹೋದಾಗ ಕೈ ಅಲ್ಲಾಡಿಸಿದ. ಚೆಂಡು ನೆಲಕ್ಕೆ ತಾಗಿ ಬಂದಿತ್ತು. ಕ್ಯಾಪ್ಟನ್ ಒಂದು ಕ್ಷಣವೂ ಯೋಚಿಸಲಿಲ್ಲ, ಅಂಪೈರ್ ಹತ್ತಿರ ಹೋಗಿ ಅಪೀಲ್ ವಾಪಸ್ ತೆಗೆದುಕೊಂಡ. ನಿಯಮದಲ್ಲಿ ಇದಕ್ಕೆ ದಾರಿ ಇದೆ. ಅಂಪೈರ್ ಒಪ್ಪಬೇಕು, ಮುಂದಿನ ಬಾಲ್ ಆಟಕ್ಕೆ ಬರುವ ಮೊದಲೇ ಆಗಬೇಕು, ಅಷ್ಟೇ. ಪೆವಿಲಿಯನ್ ಕಡೆ ಅರ್ಧ ದಾರಿ ನಡೆದಿದ್ದ ಬ್ಯಾಟ್ಸ್‌ಮನ್ ಗ್ಲೌಸ್ ಮತ್ತೆ ಹಾಕಿಕೊಳ್ಳುತ್ತಾ ಬಂದ.

ನನಗೆ ನೆನಪಾಗಿದ್ದು ಜಿ.ಆರ್. ವಿಶ್ವನಾಥ್. 1980ರಲ್ಲಿ ಮುಂಬೈನಲ್ಲಿ ನಡೆದ ಗೋಲ್ಡನ್ ಜ್ಯೂಬಿಲಿ ಟೆಸ್ಟ್‌ಗೆ ಅವರೇ ಭಾರತದ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಔಟ್ ಕೊಟ್ಟಿದ್ದರು. ಬ್ಯಾಟಿಗೆ ತಾಗಿಲ್ಲ ಅಂತ ಅನ್ನಿಸಿದ್ದೇ ವಿಶ್ವನಾಥ್, ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ 171 ರನ್ ಜೊತೆಯಾಟ ಆಡಿದರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಆ ಟೆಸ್ಟ್ ಸೋತೆವು ಅಂತ ವಿಶ್ವನಾಥ್ ಅವರನ್ನು ಯಾರಾದರೂ ಈಗ ಬೈಯುತ್ತಾರಾ? ಅವರ ಹೆಸರು ಬಂದಾಗ ಸ್ಕ್ವೇರ್ ಕಟ್ ಜೊತೆಗೇ ಈ ಕಥೆಯನ್ನೂ ಹೇಳುತ್ತಾರೆ.

ನಮ್ಮ ಪಂದ್ಯವನ್ನೂ ನಾವು ಸೋತೆವು. ವಾಪಸ್ ಬಂದವನು ಆಮೇಲೆ 22 ರನ್ ಸೇರಿಸಿದ. ಅದನ್ನೇ ಹಿಡಿದು ಕ್ಯಾಪ್ಟನ್ ಮೇಲೆ ಹಾಕುತ್ತಾರೆ. ಆದರೆ ಅದೇ ಇನಿಂಗ್ಸ್‌ನಲ್ಲಿ ನಾವು 19 ವೈಡ್ ಹಾಕಿದೆವು. ಆ 19ರ ಬಗ್ಗೆ ಯಾರೂ ಮಾತಾಡುವುದಿಲ್ಲ. ವೈಡ್ ಅಂದರೆ ಬರೀ ಒಂದು ರನ್ ಅಲ್ಲ, ಆ ಬಾಲನ್ನು ಮತ್ತೆ ಹಾಕಬೇಕು. ಅಂದರೆ ಎದುರಾಳಿಗೆ ಮೂರು ಓವರ್‌ಗಿಂತ ಜಾಸ್ತಿ ಬಾಲ್ ಪುಕ್ಕಟೆ ಕೊಟ್ಟ ಹಾಗೆ. ಔಟ್ ಆಗದವನು ಮಾಡಿದ ರನ್ ಅವನ ಹಕ್ಕು. ವೈಡ್ ಮಾತ್ರ ನಾವೇ ಕೈಯಾರೆ ಕೊಟ್ಟಿದ್ದು.

ಆ ದಿನ ನಮಗೆ ನಿಜವಾದ ಪೆಟ್ಟು ಬಿದ್ದಿದ್ದು ಬ್ಯಾಟಿಂಗ್‌ನಲ್ಲಿ. 105ಕ್ಕೆ ಆಲೌಟ್, ಅದೂ 22 ಓವರ್‌ಗೆ. ನೆಟ್ ರನ್ ರೇಟ್‌ನ ಈ ನಿಯಮ ಆಡುವವರಲ್ಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಟೀಮು ಆಲೌಟ್ ಆದರೆ ಆಡಿದ ಓವರ್ ಲೆಕ್ಕಕ್ಕಿಲ್ಲ. ಪೂರ್ತಿ ಓವರ್ ಆಡಿದ ಹಾಗೇ ಲೆಕ್ಕ. ನಮ್ಮದು 40 ಓವರ್ ಪಂದ್ಯ. 105ನ್ನು 22ರಿಂದ ಭಾಗಿಸಿದರೆ ಓವರ್‌ಗೆ 4.77 ಬರುತ್ತದೆ. 40ರಿಂದ ಭಾಗಿಸಿದರೆ 2.63ಕ್ಕೆ ಇಳಿಯುತ್ತದೆ. ಕೊನೆಯ ಜೋಡಿ ನಿಂತು ಆಡಿದ್ದರೆ ಸೋಲು ತಪ್ಪುತ್ತಿರಲಿಲ್ಲ. ಆದರೆ 18 ಓವರ್ ಉಳಿದಿದ್ದವಲ್ಲ, ಅದರಲ್ಲಿ ಒಂದೊಂದಾಗಿ ತೆಗೆದ ಪ್ರತಿ ರನ್ನೂ ಕೊನೆಯಲ್ಲಿ ಕೈ ಹಿಡಿಯುತ್ತಿತ್ತು. ನಮ್ಮ ಹನ್ನೊಂದನೆಯವನು ಸಿಕ್ಸ್ ಹೊಡೆಯಲು ಹೋಗಿ ಬೌಲ್ಡ್ ಆದ.

ಇಷ್ಟಾದರೂ ಸೆಮಿಫೈನಲ್ ಹೋಗಿದ್ದು ಆ ದಿನ ಅಂತ ನಾನು ಹೇಳುವುದಿಲ್ಲ. ಅದು ಹೋಗಿದ್ದು ಅದರ ನಂತರದ ಪಂದ್ಯದಲ್ಲಿ. ಅದನ್ನು ನಾವು ಆರಾಮಾಗಿ ಗೆದ್ದೆವು.

128 ರನ್ ಬೇಕಿತ್ತು. 20 ಓವರ್ ಮುಗಿದಾಗ 98 ಆಗಿತ್ತು, ಮೂರೇ ವಿಕೆಟ್ ಹೋಗಿದ್ದವು. 30 ರನ್ ಬಾಕಿ. ಇಲ್ಲಿಂದ ಐದಾರು ಓವರ್‌ನಲ್ಲಿ ಮುಗಿಸಬಹುದಿತ್ತು. ನಮ್ಮವರು 33ನೇ ಓವರ್‌ವರೆಗೂ ಎಳೆದರು. ಮಧ್ಯೆ ಒಂದರ ಹಿಂದೆ ಒಂದು ಮೇಡನ್, ಅಂದರೆ ಒಂದೂ ರನ್ ಬಾರದ ಓವರ್. ರನ್ ಬಾರದ ಡಾಟ್ ಬಾಲ್‌ಗೆ ಚುಕ್ಕೆ ಇಡುತ್ತೇವೆ, ಓವರ್ ಮೇಡನ್ ಆದರೆ ಆ ಆರು ಚುಕ್ಕೆ ಸೇರಿಸಿ ಗೆರೆ ಎಳೆದರೆ ಇಂಗ್ಲಿಷಿನ ಎಂ ಅಕ್ಷರ ಆಗುತ್ತದೆ. ಆ ಪುಟ ತೆಗೆದು ನೋಡಿದರೆ ಎದುರಾಳಿ ಬೌಲರ್‌ಗಳ ಸಾಲಿನಲ್ಲಿ ಎಂ, ಎಂ. ನಾವು ಗೆಲ್ಲುತ್ತಿರುವ ಪಂದ್ಯದಲ್ಲಿ! ನೀರಿನ ಬಿಡುವಿನಲ್ಲಿ ರನ್ ರೇಟ್ ವಿಷಯ ಎತ್ತಿದೆ. "ಗೆಲ್ತೀವಲ್ಲ ಅಕ್ಕಾ, ಸುಮ್ನೆ ವಿಕೆಟ್ ಯಾಕೆ ಕೊಡೋದು?" ಅಂದರು. ಅವರ ಭಯ ನನಗೆ ಅರ್ಥ ಆಗುತ್ತದೆ. ಹಿಂದಿನ ಪಂದ್ಯದಲ್ಲಿ 105ಕ್ಕೆ ಮುಗಿದವರು ಅವರು. ಪೆಟ್ಟು ತಿಂದ ಟೀಮು ಮೊದಲು ಗೆಲುವನ್ನು ಗಟ್ಟಿ ಮಾಡಿಕೊಳ್ಳಲು ನೋಡುತ್ತದೆ. ಆದರೆ 128ನ್ನು 33 ಓವರ್‌ಗೆ ಮಾಡಿದರೆ 3.88, 25ಕ್ಕೆ ಮುಗಿಸಿದ್ದರೆ 5.12. ಒಂದು ಪಂದ್ಯದಲ್ಲಿ ಉಳಿಸಬಹುದಾಗಿದ್ದ ಎಂಟು ಓವರ್ ಇಡೀ ಸೀಸನ್ನಿನ ಲೆಕ್ಕದಲ್ಲಿ ಎಷ್ಟು ದೊಡ್ಡದು ಅಂತ ಕೊನೆಯ ಲೀಗ್ ದಿನ ಎಲ್ಲರಿಗೂ ಗೊತ್ತಾಯಿತು. ಮೊಬೈಲ್ ಹಿಡಿದು ಸುತ್ತ ನಿಂತಿದ್ದರು. ನಾಲ್ಕನೆಯವರ ಪಂದ್ಯದ ಸ್ಕೋರ್ ಬಂತು. ಯಾರೂ ಮಾತಾಡಲಿಲ್ಲ.

ಮುಂದಿನ ಸೀಸನ್‌ಗೆ ನನ್ನ ಮೊದಲ ಬೇಡಿಕೆ ಇದೇ. ಕ್ಯಾಪ್ಟನ್ ಪಕ್ಕದಲ್ಲಿ ಒಬ್ಬರಿಗೆ ರನ್ ರೇಟ್ ಲೆಕ್ಕದ ಜವಾಬ್ದಾರಿ ಕೊಡಿ. ಕೊನೆಯ ಪಂದ್ಯದ ದಿನ ಕ್ಯಾಲ್ಕುಲೇಟರ್ ತೆಗೆದರೆ ಏನೂ ಪ್ರಯೋಜನ ಇಲ್ಲ, ಮೊದಲ ಪಂದ್ಯದಿಂದಲೇ ಆಗಬೇಕು.

ಇನ್ನು ನಾಲ್ಕು ಸ್ಟಾರ್ ಯಾಕೆ ಅಂತ ಹೇಳುತ್ತೇನೆ. ಒಂದನ್ನು ನಮ್ಮ ಲೆಗ್ ಸ್ಪಿನ್ ಹುಡುಗನ ಹೆಸರಿಗೇ ಬರೆಯಬೇಕು. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಮೊದಲ ಪಂದ್ಯದಲ್ಲಿ ಅವನ ಓವರ್ ಬರೆಯೋಕೆ ನನ್ನ ಪುಸ್ತಕದ ಚೌಕದಲ್ಲಿ ಜಾಗ ಸಾಲಲಿಲ್ಲ. ವೈಡ್‌ಗೆ ಕೂಡಿಸುವ ಗುರುತು, ನೋಬಾಲ್‌ಗೆ ಸೊನ್ನೆ ಸುತ್ತು, ಎರಡೂ ಸಾಲಾಗಿ. ಬೌಂಡರಿಯಲ್ಲಿ ನಿಂತ ಅವನಪ್ಪ ತಲೆ ತಗ್ಗಿಸಿದ್ದರು. ಅಂಥ ಓವರ್ ಹಾಕಿದವನಿಗೆ ಎಷ್ಟೋ ಟೀಮುಗಳಲ್ಲಿ ಮತ್ತೆ ಚೆಂಡು ಸಿಗುವುದಿಲ್ಲ. ನಮ್ಮ ಕ್ಯಾಪ್ಟನ್ ಎರಡು ಓವರ್ ಬಿಟ್ಟು ಇನ್ನೊಂದು ತುದಿಯಿಂದ ಕೊಟ್ಟ. ಮುಂದಿನ ಪಂದ್ಯದಲ್ಲೂ ಕೊಟ್ಟ.

ಆಮೇಲೆ ಗೊತ್ತಾಯಿತು, ಹುಡುಗನ ತೊಂದರೆ ಇದ್ದಿದ್ದು ಕೈಯಲ್ಲಿ ಅಲ್ಲ, ಓಟದಲ್ಲಿ. ಒಂದೊಂದು ಸಲ ಒಂದೊಂದು ಕಡೆಯಿಂದ ಓಡಿ ಬರುತ್ತಿದ್ದ. ಕೊನೆಗೆ ಹೆಜ್ಜೆ ಕೂಡದೆ ಒದ್ದಾಡಿ, ಕ್ರೀಸ್ ದಾಟಿ ಕಾಲಿಡುತ್ತಿದ್ದ. ನಮ್ಮ ಹಿರಿಯ ಆಫ್ ಸ್ಪಿನ್ನರ್ ಅವನನ್ನು ಖಾಲಿ ವಿಕೆಟ್ ಹತ್ತಿರ ಕರೆದುಕೊಂಡು ಹೋಗಿ, ಸ್ಟಂಪ್‌ನಿಂದ ಹಿಂದಕ್ಕೆ ಪಾದಕ್ಕೆ ಪಾದ ಜೋಡಿಸಿ ಅಳೆಸಿದರು. ಶೂ ತುದಿಯಲ್ಲಿ ನೆಲದ ಮೇಲೆ ಗೆರೆ ಎಳೆಸಿದರು. ಚೆಂಡೇ ಇಲ್ಲದೆ ಓಡಿಸಿದರು. ಮತ್ತೆ, ಮತ್ತೆ. ಸೀಸನ್ ಅರ್ಧ ಕಳೆಯುವ ಹೊತ್ತಿಗೆ ಓವರ್ ಶುರು ಮಾಡುವ ಮುಂಚೆ ಆ ಗೆರೆ ಎಳೆಯುವುದು ಅವನಿಗೆ ಅಭ್ಯಾಸ ಆಗಿಬಿಟ್ಟಿತು. ನಮ್ಮದು ಪಿಚ್ ಮೇಲೆ ಚಾಪೆ ಹಾಸಿ ಆಡುವ ಮ್ಯಾಟ್ ವಿಕೆಟ್, ಚೆಂಡು ಎದ್ದು ಬರುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಲೆಗ್ ಸ್ಪಿನ್ ಆಡುವುದು ಸುಲಭ ಅಲ್ಲ. ಅವನು ಮೊದಲ ಮೇಡನ್ ಹಾಕಿದಾಗ ನಾನು ಎಳೆದ ಎಂ ಸ್ವಲ್ಪ ದಪ್ಪವೇ ಇತ್ತು. ಇಂಥ ಹುಡುಗನನ್ನು ಬೆಳೆಸುವ ಟೀಮು ಐದನೇ ಸ್ಥಾನಕ್ಕೆ ಬಂದರೂ ನನಗೆ ಬೇಸರ ಇಲ್ಲ.

ಫೀಲ್ಡಿಂಗ್‌ನಲ್ಲಿ ನಮ್ಮದು ಲೀಗ್‌ನಲ್ಲೇ ಚೆನ್ನಾಗಿದ್ದ ಟೀಮುಗಳಲ್ಲಿ ಒಂದು. ಕ್ಯಾಚ್ ಬಿಟ್ಟಿಲ್ಲ ಅಂತಲ್ಲ, ಬಿಟ್ಟಿದ್ದಾರೆ. ಆದರೆ ಎಸೆತಕ್ಕೆ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ಓವರ್‌ಥ್ರೋ ಬರೆದಿದ್ದು ಬಹಳ ಕಡಿಮೆ. ಕೀಪರ್ ಬಗ್ಗೆ ಒಂದೇ ಮಾತು. ಬೈ, ಅಂದರೆ ಬ್ಯಾಟಿಗೆ ತಾಗದೆ ಕೀಪರ್ ಕೈ ತಪ್ಪಿ ಬಂದ ರನ್ ಬರೆಯುವ ಸಾಲು, ಕೆಲವು ಪಂದ್ಯಗಳಲ್ಲಿ ಖಾಲಿ ಇತ್ತು. ಮ್ಯಾಟ್ ಮೇಲೆ ಅದು ಸಣ್ಣ ಸಾಧನೆ ಅಲ್ಲ.

ವಿಕೆಟ್ ನಡುವಿನ ಓಟಕ್ಕೆ ಮಾತ್ರ ಮಾರ್ಕ್ಸ್ ಕಡಿಮೆ. ಇಬ್ಬರೂ ಕೂಗುತ್ತಾರೆ, ಇಬ್ಬರೂ ಬೇರೆ ಬೇರೆ ಕೂಗುತ್ತಾರೆ. ಚೆಂಡು ಹಿಂದಕ್ಕೆ ಹೋದರೆ ಕರೆ ನಾನ್ ಸ್ಟ್ರೈಕರ್‌ದು, ಅಂದರೆ ಎದುರು ತುದಿಯಲ್ಲಿ ನಿಂತವನದು, ಅನ್ನುವುದು ಹಳೆಯ ಪಾಠ. ನೆಟ್ಸ್‌ನಲ್ಲಿ ಇದನ್ನು ಯಾರೂ ಅಭ್ಯಾಸ ಮಾಡಿಸುವುದಿಲ್ಲ. ಬ್ಯಾಟಿಂಗ್ ಬೌಲಿಂಗ್ ಆದ ಮೇಲೆ ಹೊತ್ತೇ ಉಳಿಯುವುದಿಲ್ಲ.

ಮೈದಾನದ ವ್ಯವಸ್ಥೆ ಬಗ್ಗೆಯೂ ಹೇಳಬೇಕು. ಒಳ್ಳೆಯದು ಮೊದಲು. ಪಂದ್ಯದ ಹೊತ್ತು, ಜಾಗ ಬದಲಾದರೆ ವಾಟ್ಸ್‌ಆ್ಯಪ್‌ನಲ್ಲಿ ಹಿಂದಿನ ದಿನವೇ ತಿಳಿಸುತ್ತಾರೆ. ಮ್ಯಾಟ್ ಹಾಸುವುದು ಆಟಗಾರರೇ. ಈ ಸಲ ಅದರಲ್ಲಿ ಶ್ರದ್ಧೆ ಇತ್ತು. ಮ್ಯಾಟ್ ಎಳೆದು ಬಿಗಿ ಮಾಡದೆ ಮೊಳೆ ಹೊಡೆದರೆ ಮಧ್ಯೆ ಸುಕ್ಕು ಏಳುತ್ತದೆ. ಆ ಸುಕ್ಕಿನ ಮೇಲೆ ಬಿದ್ದ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. 156 ಗ್ರಾಂಗಿಂತ ಭಾರದ ಲೆದರ್ ಬಾಲ್ ಮುಖಕ್ಕೆ ಬಂದರೆ ಹೆಲ್ಮೆಟ್ ಇದ್ದರೂ ಎದೆ ಝಲ್ ಅನ್ನುತ್ತದೆ. ನಮ್ಮ ಹುಡುಗರು ಇನಿಂಗ್ಸ್ ಬಿಡುವಿನಲ್ಲೂ ಹೋಗಿ ಮೊಳೆ ಒಂದೊಂದಾಗಿ ಮತ್ತೆ ಬಡಿಯುತ್ತಿದ್ದರು. ಎದುರಾಳಿ ಬ್ಯಾಟಿಂಗ್ ಬರುವುದಿದ್ದರೂ ಅಷ್ಟೇ ಕಾಳಜಿಯಿಂದ ಬಡಿದರು. ಅದು ನನಗೆ ಬಹಳ ಇಷ್ಟವಾಯಿತು.

ಕಳೆದುಕೊಂಡ ಒಂದು ಸ್ಟಾರ್ ಇಲ್ಲಿದೆ ನೋಡಿ. ಹೆಂಗಸರಿಗೆ ಶೌಚಾಲಯ ಇದೆ, ಬೀಗ ಹಾಕಿರುತ್ತದೆ. ಕೀ ಯಾರ ಹತ್ತಿರ ಅಂತ ಪ್ರತಿ ಸಲ ಹುಡುಕಬೇಕು. ಆಟಗಾರರ ಮನೆಯವರು ಬಂದು ಅರ್ಧ ಪಂದ್ಯಕ್ಕೇ ಹೊರಟುಹೋಗುವುದಕ್ಕೆ ಇದೇ ಕಾರಣ. ಪಂದ್ಯ ಬೋರಾಗಿ ಯಾರೂ ಹೋಗುವುದಿಲ್ಲ. ಕ್ಲಬ್‌ನವರು ಮನಸ್ಸು ಮಾಡಿದರೆ ಒಂದೇ ದಿನದ ಕೆಲಸ ಇದು. ನೆರಳೂ ಸಾಲದು. ಇರುವ ಒಂದು ಶಾಮಿಯಾನ ಬ್ಯಾಟಿಂಗ್ ಟೀಮಿಗೆ, ನೋಡುವವರಿಗೆ ಬಿಸಿಲೇ ಗತಿ.

ಹತ್ತಿರದಲ್ಲಿ ಇಂಥದ್ದೊಂದು ಕ್ಲಬ್ ಇದ್ದು, ಮಗನನ್ನೋ ಮಗಳನ್ನೋ ಸೇರಿಸಬೇಕಾ ಅಂತ ಯೋಚಿಸುತ್ತಿರುವವರಿಗೆ ಒಂದು ಮಾತು. ಟ್ರೋಫಿ ಕಪಾಟು ನೋಡಬೇಡಿ. ಒಂದು ಪಂದ್ಯಕ್ಕೆ ಹೋಗಿ ಕೂತು, ವೈಡ್ ಹಾಕಿದ ಹುಡುಗನಿಗೆ ಉಳಿದ ಹತ್ತು ಜನ ಏನನ್ನುತ್ತಾರೆ ಅಂತ ಕೇಳಿಸಿಕೊಳ್ಳಿ. ನಮ್ಮಲ್ಲಿ "ಬಾ ಬಾ, ಮುಂದಿನ ಬಾಲ್ ನೋಡು" ಅನ್ನುತ್ತಾರೆ. ಇದನ್ನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ನಾನು ಕೂರುವ ಜಾಗಕ್ಕೆ ಎಲ್ಲವೂ ಕೇಳಿಸುತ್ತದೆ.

ಕೊನೆಯದಾಗಿ, ಕ್ಲಬ್‌ಗೆ ಇನ್ನೊಬ್ಬ ಸ್ಕೋರರ್ ಬೇಕು. ಕ್ರಿಕೆಟ್ಟಿನ ಮೂರನೇ ನಿಯಮವೇ ಇಬ್ಬರು ಸ್ಕೋರರ್ ಇರಬೇಕು ಅನ್ನುತ್ತದೆ. ಇಬ್ಬರೂ ಆಗಾಗ ತಾಳೆ ನೋಡುತ್ತಿರಬೇಕು. ಫೋನಿನ ಆ್ಯಪ್‌ನಲ್ಲಿ ಸ್ಕೋರ್ ಹಾಕುವ ಹುಡುಗ ಬ್ಯಾಟಿಂಗ್‌ಗೆ ಎದ್ದುಹೋದರೆ ನಾನೊಬ್ಬಳೇ ಉಳಿಯುತ್ತೇನೆ. ಕ್ರಿಕೆಟ್ ಆಡಿರಬೇಕು ಅಂತೇನೂ ಇಲ್ಲ. ಅಂಪೈರ್ ಸನ್ನೆ ಮಾಡಿದಾಗ ಕೈ ಎತ್ತಿ ಉತ್ತರ ಕೊಡುವುದು, ಓವರ್ ಮುಗಿದಾಗ ಕೂಡಿಸುವುದು, ಉಳಿದಿದ್ದನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಲಿಸುತ್ತೇನೆ. ನೆಟ್ಸ್ ಶುರುವಾದ ಮೇಲೆ ಯಾವ ದಿನ ಬಂದರೂ ಆಗುತ್ತದೆ. ಪೆನ್ಸಿಲ್, ರಬ್ಬರ್ ನನ್ನ ಹತ್ತಿರ ಇವೆ. ಟೋಪಿ ನೀವೇ ತನ್ನಿ.