ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಿನಿಫ್ಲಕ್ಸ್: ಕಿವಿಯಿಂದ ಓದುವವಳ ವಿಮರ್ಶೆ

ನನಗೆ ಕಣ್ಣು ಕಾಣುವುದಿಲ್ಲ. ಓದುವುದೆಲ್ಲ ಕಿವಿಯಿಂದಲೇ. ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಸುದ್ದಿ ತಿಳಿಯಬೇಕು, ಸಂಜೆ ನಾಲ್ಕು ಒಳ್ಳೆಯ ಲೇಖನ ಓದಬೇಕು. ಇಷ್ಟಕ್ಕೇ ಸುದ್ದಿಯ ತಾಣಗಳು ಎಷ್ಟು ಅಡ್ಡಿ ಒಡ್ಡುತ್ತವೆ ಎಂಬುದು ಕಣ್ಣಿದ್ದವರ ಗಮನಕ್ಕೆ ಬರುವುದೇ ಇಲ್ಲ. ಪುಟ ತೆರೆದರೆ ಮೊದಲು ಉದ್ದನೆಯ ಮೆನು, ಅದರ ಬೆನ್ನಿಗೆ ಜಾಹೀರಾತು, ಆಮೇಲೆ ಹೆಸರಿಲ್ಲದ ಗುಂಡಿಗಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅವುಗಳನ್ನು ಬರೀ ‘ಬಟನ್, ಬಟನ್’ ಎಂದು ಓದುತ್ತದೆ. ಯಾವ ಗುಂಡಿ ಏನು ಮಾಡುತ್ತದೆ ಎಂಬುದು ಒತ್ತಿದ ಮೇಲಷ್ಟೇ ಗೊತ್ತಾಗುತ್ತದೆ. ನಡುವೆ ತಾನಾಗಿ ಶುರುವಾಗುವ ವಿಡಿಯೊ. ಅದರ ಗದ್ದಲದಲ್ಲಿ ಓದುವ ಧ್ವನಿಯೇ ಮುಳುಗಿಹೋಗುತ್ತದೆ. ಸುದ್ದಿ ಎಲ್ಲೋ ಕೆಳಗೆ ಇರುತ್ತದೆ, ಹುಡುಕಿಕೊಂಡು ಹೋಗಬೇಕು.

ಅದಕ್ಕೇ ಮನೆಯಲ್ಲಿ ಮಿನಿಫ್ಲಕ್ಸ್ ಎಂಬ ಫೀಡ್ ರೀಡರನ್ನು, ಅಂದರೆ ನಾವು ಆರಿಸಿದ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ ತಂತ್ರಾಂಶವನ್ನು, ಹಾಕಿಕೊಂಡೆ. ಈಗ ನನ್ನ ಓದಿನ ಬಹುಪಾಲು ಅದರಲ್ಲೇ ನಡೆಯುತ್ತದೆ. ದೃಷ್ಟಿ ಇಲ್ಲದ, ಅಥವಾ ದೃಷ್ಟಿ ಮಂದವಾದ ಕನ್ನಡದ ಓದುಗರಿಗೆ ಇದು ಹೇಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಹೇಳುವುದಕ್ಕಾಗಿ ಈ ಬರಹ.

ಫೀಡ್ ಎಂದರೆ ತಾಣವೊಂದು ತನ್ನ ಹೊಸ ಬರಹಗಳ ಶೀರ್ಷಿಕೆ, ಸಾರಾಂಶ, ಕೊಂಡಿಗಳನ್ನು ಯಂತ್ರ ಓದಬಲ್ಲ ರೂಪದಲ್ಲಿ ಪ್ರಕಟಿಸುವ ಪಟ್ಟಿ. ಆರ್‌ಎಸ್‌ಎಸ್ ಎಂಬ ಫೀಡ್ ಮಾನಕ ಶುರುವಾದದ್ದು 1999ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. 2002ರಲ್ಲಿ ಅದರ 2.0 ಆವೃತ್ತಿ ಬಂತು. 2005ರಲ್ಲಿ ಅದೇ ಕೆಲಸಕ್ಕೆ ಆಟಮ್ ಎಂಬ ಇನ್ನೊಂದು ಮಾನಕ ಬಂತು. ಗೂಗಲ್ ತನ್ನ ರೀಡರ್ ಸೇವೆಯನ್ನು 2013ರ ಜುಲೈ 1ರಂದು ನಿಲ್ಲಿಸಿದಾಗ ಫೀಡ್‌ಗಳ ಕಾಲ ಮುಗಿಯಿತು ಎಂದವರು ಬಹಳ ಮಂದಿ. ಮುಗಿಯಲಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಕಟ್ಟಿದ ತಾಣಗಳು ಇಂದಿಗೂ ತಾವಾಗಿಯೇ ಫೀಡ್ ಕೊಡುತ್ತವೆ. ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ. ಬ್ಲಾಗರ್ ತಾಣಗಳಿಗೂ, ಯೂಟ್ಯೂಬ್ ವಾಹಿನಿಗಳಿಗೂ ಫೀಡ್ ಇದೆ. ಕನ್ನಡ ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳನ್ನೂ ಹೀಗೆ ತರಿಸಿಕೊಳ್ಳಬಹುದು. ಯಾವ ಒಂದು ಕಂಪನಿಯ ಸೊತ್ತೂ ಅಲ್ಲದ ಕಾರಣ ಒಂದು ಕಂಪನಿ ಬಾಗಿಲು ಹಾಕಿಕೊಂಡರೂ ಫೀಡ್ ಉಳಿದುಕೊಂಡಿತು. ಇತಿಹಾಸ ಕಲಿಸುವವಳಾದ ನನಗೆ ಈ ಸಂಗತಿ ಮುಖ್ಯವಾಗಿ ಕಾಣುತ್ತದೆ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಮಿನಿಫ್ಲಕ್ಸ್ ನಡೆಸಲು ಹಗಲಿರುಳು ಚಾಲೂ ಇರುವ ಒಂದು ಯಂತ್ರ, ಅಂದರೆ ಸರ್ವರ್, ಬೇಕು. ಮನೆಯಲ್ಲಿ ಸರ್ವರ್ ಎಂದ ಕೂಡಲೇ ಎಲ್ಲರೂ ಮೆಮೊರಿ ಕಾರ್ಡಿನಿಂದ ನಡೆಯುವ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಕೊಳ್ಳಿ ಎನ್ನುತ್ತಾರೆ. ನಾನು ಮಾತ್ರ ಮೂಲೆ ಸೇರಿದ್ದ ಹಳೆಯ ಲ್ಯಾಪ್‌ಟಾಪನ್ನೇ ಆರಿಸಿಕೊಂಡೆ, ಅದಕ್ಕೆ ಕಾರಣ ಅದರ ಬ್ಯಾಟರಿ. ನಮ್ಮ ಬಡಾವಣೆಯಲ್ಲಿ ಬೇಸಿಗೆಯಲ್ಲೂ ಮಳೆ ಹಿಡಿದಾಗಲೂ ಕರೆಂಟು ಹೋಗಿ ಬರುತ್ತಲೇ ಇರುತ್ತದೆ. ದತ್ತಾಂಶ ಬರೆಯುವ ಹೊತ್ತಿನಲ್ಲಿ ಕರೆಂಟು ಕಡಿದರೆ ಮೆಮೊರಿ ಕಾರ್ಡಿನ ಮೇಲಿರುವ ಕಡತಗಳು ಕೆಡುವ ಅಪಾಯವಿದೆ. ಲ್ಯಾಪ್‌ಟಾಪಿಗೆ ಆ ಭಯವಿಲ್ಲ. ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ. ಖರ್ಚು ಎಂದು ಹೇಳುವಂಥದ್ದು ಅದೊಂದೇ. ಪರದೆ ಆರಿಸಿಟ್ಟ ಲ್ಯಾಪ್‌ಟಾಪ್ ಹತ್ತು ವ್ಯಾಟ್ ಎಳೆಯುತ್ತದೆ ಎಂದುಕೊಂಡರೂ ಹಗಲಿರುಳು ನಡೆದರೆ ತಿಂಗಳಿಗೆ 7.2 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಸರಾಸರಿಯ ಅಂಚಿನಲ್ಲಿರುವ ಮನೆಗಳು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು, ಆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಕಣ್ಣು ಕಾಣದವರು ತಾವೇ ಹಾಕಿಕೊಳ್ಳಬಲ್ಲರೇ? ಹಾಕಿಕೊಳ್ಳಬಲ್ಲರು. ಇದು ಹೆಚ್ಚು ಜನರಿಗೆ ತಿಳಿಯಬೇಕು. ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಅಳವಡಿಕೆಯ ಪೆನ್ ಡ್ರೈವ್‌ನಿಂದ ಯಂತ್ರ ಶುರುವಾದಾಗ ಮೊದಲ ಮೆನುವಿನಲ್ಲಿ ‘ಎಸ್’ ಒತ್ತಿ ಎಂಟರ್ ಕೊಟ್ಟರೆ ಅದು ಮಾತನಾಡತೊಡಗುತ್ತದೆ. ಮುಂದಿನ ಪ್ರತಿಯೊಂದು ಪ್ರಶ್ನೆಯನ್ನೂ, ಆಯ್ಕೆಗಳನ್ನು ಅವುಗಳ ಸಂಖ್ಯೆಯ ಜೊತೆಗೆ ಓದಿ ಹೇಳುತ್ತದೆ. ಬೇಕಾದ ಸಂಖ್ಯೆ ಒತ್ತುತ್ತಾ ಹೋದರಾಯಿತು. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಎಲ್ಲವನ್ನೂ ತಾನೇ ಮಾಡಿಕೊಡುತ್ತೇನೆಂದು ಬಂದಿದ್ದವನು ಆ ಧ್ವನಿ ಕೇಳಿ, “ಚಿಕ್ಕಮ್ಮ, ಇದಕ್ಕೆ ನಾನೇಕೆ? ನೀವೇ ಮುಗಿಸಿ” ಎಂದು ಪಕ್ಕದಲ್ಲಿ ಕುಳಿತ. ಅವನಿಂದ ಪಡೆದ ಸಹಾಯವೆಂದರೆ ಯಂತ್ರ ಶುರುವಾಗುವಾಗಿನ ಹೊಂದಿಕೆಯ ಪರದೆಯಾದ ಬಯೋಸ್‌ನಲ್ಲಿ ಪೆನ್ ಡ್ರೈವನ್ನು ಮೊದಲಿಗಿಡುವುದು. ಆ ಪರದೆಗೆ ಧ್ವನಿಯಿಲ್ಲ, ಕಣ್ಣಿದ್ದವರು ಬೇಕೇ ಬೇಕು. ಆಮೇಲಿನದೆಲ್ಲ ನನ್ನ ವಿಂಡೋಸ್ ಯಂತ್ರದಿಂದ, ದೂರದ ಯಂತ್ರಕ್ಕೆ ಕಮಾಂಡ್ ಕೊಡುವ ವಿಧಾನವಾದ ಎಸ್‌ಎಸ್‌ಎಚ್ ಮೂಲಕ ನಡೆಯಿತು. ಕಮಾಂಡ್ ಎಂದರೆ ಬರೀ ಅಕ್ಷರ; ಸ್ಕ್ರೀನ್ ರೀಡರ್ ಬಳಸುವವರಿಗೆ ಅದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ.

ಮಿನಿಫ್ಲಕ್ಸ್ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದೇ ಒಂದು ಕಡತ. ಡೆಬಿಯನ್‌ಗೆ ಸಿದ್ಧ ಪ್ಯಾಕೇಜ್ ಇದೆ. ಜೊತೆಗೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯ ಕಡ್ಡಾಯ, ಬೇರೆ ಯಾವುದೂ ನಡೆಯುವುದಿಲ್ಲ. ಹೊಸಬರಿಗೆ ಈ ಹಂತ ಸ್ವಲ್ಪ ಎತ್ತರದ ಮೆಟ್ಟಿಲು. ಪ್ರತ್ಯೇಕ ದತ್ತಸಂಚಯದ ಗೊಡವೆ ಬೇಡವೆನ್ನುವವರು ಫ್ರೆಶ್‌ಆರ್‌ಎಸ್‌ಎಸ್ ಎಂಬ ಇನ್ನೊಂದು ಫೀಡ್ ರೀಡರ್ ನೋಡಬಹುದು. ಅದು ಪಿಎಚ್‌ಪಿ ಭಾಷೆಯದು, ಒಂದೇ ಕಡತದಲ್ಲಿ ದತ್ತಾಂಶ ಇಡುವ ಎಸ್‌ಕ್ಯೂಲೈಟ್ ಇದ್ದರೂ ನಡೆಯುತ್ತದೆ. ಅದರಲ್ಲಿ ಸೌಲಭ್ಯಗಳೂ ಹೆಚ್ಚು. ನಾನು ಮಿನಿಫ್ಲಕ್ಸಿನ ಕಡೆ ವಾಲಿದ್ದು ಅದರಲ್ಲಿ ಸೌಲಭ್ಯಗಳು ಕಡಿಮೆ ಎಂಬ ಕಾರಣಕ್ಕೇ. ಪರದೆಯ ಮೇಲೆ ಇರುವುದನ್ನೆಲ್ಲ ಒಂದಾದ ಮೇಲೊಂದರಂತೆ ಕೇಳಬೇಕಾದವರಿಗೆ ಅಲ್ಲಿ ಇಲ್ಲದಿರುವುದೂ ಒಂದು ಸೌಲಭ್ಯ.

ಓದುವಾಗ ಹೇಗಿರುತ್ತದೆ? ನಾನು ಬಳಸುವುದು ಎನ್‌ವಿಡಿಎ, ದೃಷ್ಟಿಹೀನರಾದ ಇಬ್ಬರು ಆಸ್ಟ್ರೇಲಿಯನ್ನರು 2006ರಲ್ಲಿ ಶುರುಮಾಡಿದ ಉಚಿತ ಸ್ಕ್ರೀನ್ ರೀಡರ್. ಮಿನಿಫ್ಲಕ್ಸಿನ ಪಟ್ಟಿಯಲ್ಲಿ ಪ್ರತಿ ಬರಹದ ತಲೆಬರಹವೂ ಎರಡನೆಯ ಹಂತದ ಶೀರ್ಷಿಕೆಯಾಗಿ ಗುರುತಾಗಿದೆ. ಕೀಲಿಮಣೆಯಲ್ಲಿ ‘2’ ಒತ್ತಿದರೆ ಮುಂದಿನ ತಲೆಬರಹ, ಮತ್ತೆ ಒತ್ತಿದರೆ ಇನ್ನೊಂದು. ನಡುವೆ ಮೆನು ಇಲ್ಲ, ಜಾಹೀರಾತು ಇಲ್ಲ. ಕಾಫಿ ಆರುವುದರೊಳಗೆ ಜಿಲ್ಲೆಯ, ರಾಜ್ಯದ, ದೇಶದ ತಲೆಬರಹಗಳೆಲ್ಲ ಕಿವಿಗೆ ಬಿದ್ದಿರುತ್ತವೆ. ಇಷ್ಟವಾದಲ್ಲಿ ಎಂಟರ್ ಒತ್ತಿದರೆ ಬರಹ ತೆರೆದುಕೊಳ್ಳುತ್ತದೆ. ತಲೆಬರಹಕ್ಕೂ ಬರಹಕ್ಕೂ ನಡುವೆ ನಕ್ಷತ್ರ ಹಾಕು, ಉಳಿಸು, ಹಂಚು ಎಂಬಂಥ ಕೊಂಡಿಗಳ ಸಾಲೊಂದಿದೆ. ‘ಎನ್’ ಒತ್ತಿದರೆ ಎನ್‌ವಿಡಿಎ ಅದನ್ನು ದಾಟಿಸುತ್ತದೆ. ಬರಹದೊಳಗಿನ ಸ್ಕ್ರಿಪ್ಟುಗಳನ್ನೂ ಓದುಗರ ಜಾಡು ಹಿಡಿಯುವ ಅದೃಶ್ಯ ಚುಕ್ಕೆಗಳನ್ನೂ ಮಿನಿಫ್ಲಕ್ಸ್ ಮೊದಲೇ ಕಿತ್ತು ಹಾಕಿರುತ್ತದೆ. ಹಾಗಾಗಿ ಯಾವುದೂ ತಾನಾಗಿ ಕೂಗಲು ಶುರುಮಾಡುವುದಿಲ್ಲ.

ಕೆಲವು ತಾಣಗಳು ಫೀಡಿನಲ್ಲಿ ಎರಡೇ ಸಾಲು ಕೊಡುತ್ತವೆ. ಅಂಥ ಫೀಡಿನ ಹೊಂದಿಕೆಗೆ ಹೋಗಿ ಮೂಲ ಬರಹವನ್ನೇ ತರಿಸು ಎಂಬ ಚೌಕವನ್ನು ಗುರುತು ಮಾಡಿದರೆ ಮಿನಿಫ್ಲಕ್ಸ್ ತಾನೇ ಆ ಪುಟಕ್ಕೆ ಹೋಗಿ ಬರಹದ ತಿರುಳನ್ನು ಬೇರ್ಪಡಿಸಿ ತರುತ್ತದೆ. ಎಲ್ಲ ತಾಣಗಳಲ್ಲೂ ಫಲಿಸುವುದಿಲ್ಲ, ಫಲಿಸಿದಲ್ಲಿ ಮಾತ್ರ ಬಹಳ ಉಪಕಾರ.

ಈಗ ತೊಡಕುಗಳು. ಮಿನಿಫ್ಲಕ್ಸಿಗೆ ತನ್ನದೇ ಒಂದಕ್ಷರದ ಕೀಲಿಗಳಿವೆ: ‘ಕೆ’ ಎಂದರೆ ಹಿಂದಿನ ಬರಹ, ‘ಎಂ’ ಎಂದರೆ ಓದಿದ್ದೆಂದು ಗುರುತು, ‘ಎಫ್’ ಎಂದರೆ ನಕ್ಷತ್ರ, ‘ಡಿ’ ಎಂದರೆ ಮೂಲ ಬರಹ ತರಿಸುವುದು. ಇವೇ ಅಕ್ಷರಗಳು ಎನ್‌ವಿಡಿಎಯಲ್ಲಿ ಕ್ರಮವಾಗಿ ಕೊಂಡಿ, ಚೌಕಟ್ಟು, ಫಾರಂ, ಪುಟದ ಭಾಗಗಳಿಗೆ ಮೀಸಲು. ಓದುವ ಸ್ಥಿತಿಯಲ್ಲಿ ಎನ್‌ವಿಡಿಎ ಕೀಲಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಮಿನಿಫ್ಲಕ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎನ್‌ವಿಡಿಎ ಕೀಲಿಯ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ‘ಎಫ್2’ ಒತ್ತಿ ಆಮೇಲೆ ಅಕ್ಷರ ಒತ್ತಿದರೆ ಅದೊಂದು ಮಾತ್ರ ಪುಟಕ್ಕೆ ತಲುಪುತ್ತದೆ. ನನ್ನ ಸಲಹೆ: ಮಿನಿಫ್ಲಕ್ಸಿನ ಹೊಂದಿಕೆಯಲ್ಲಿ ಅದರ ಕೀಲಿಗಳನ್ನು ನಿಲ್ಲಿಸಿಬಿಡಿ, ಎನ್‌ವಿಡಿಎಯ ಕೀಲಿಗಳಿಂದಲೇ ಓಡಾಡಿ. ತೆರೆದ ಬರಹ ತಾನಾಗಿಯೇ ಓದಿದ್ದೆಂದು ಗುರುತಾಗುವುದರಿಂದ ಉಳಿದ ಕೀಲಿಗಳಿಲ್ಲದೆಯೂ ಕೆಲಸ ಸಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕೆಂದು ತಿಳಿಯುವುದು ಪುಟದಲ್ಲಿ ಗುರುತಿಸಿರುವ ಭಾಷೆಯಿಂದ. ಮಿನಿಫ್ಲಕ್ಸಿನಲ್ಲಿ ಆ ಗುರುತು ಬಳಕೆದಾರರು ಆರಿಸಿಕೊಂಡ ಭಾಷೆಯನ್ನು ಅನುಸರಿಸುತ್ತದೆ. ನಾನು ಹಾಕಿಕೊಂಡ ಆವೃತ್ತಿಯ ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಇಂಗ್ಲಿಷ್ ಆರಿಸಿಕೊಂಡರೆ ಕನ್ನಡದ ತಲೆಬರಹಗಳೂ ಇಂಗ್ಲಿಷ್ ಪುಟದ ಭಾಗವೆಂದೇ ಲೆಕ್ಕ. ಧ್ವನಿಯೂ ಹಾಗೆಯೇ ತಡವರಿಸುತ್ತದೆ. ಸದ್ಯದ ಪರಿಹಾರ ಎನ್‌ವಿಡಿಎಯಲ್ಲೇ ಇದೆ. ಫೀಡ್ ಓದುವುದಕ್ಕೆಂದೇ ಒಂದು ಪ್ರೊಫೈಲ್ ಮಾಡಿಕೊಂಡು, ಅದರಲ್ಲಿ ಈಸ್ಪೀಕ್ ಎಂಬ ಉಚಿತ ಧ್ವನಿ ತಂತ್ರಾಂಶದ ಕನ್ನಡ ಧ್ವನಿಯನ್ನು ಇಟ್ಟು, ತಾನಾಗಿ ಭಾಷೆ ಬದಲಿಸುವ ಆಯ್ಕೆಯನ್ನು ನಿಲ್ಲಿಸಬೇಕು. ಈಸ್ಪೀಕ್‌ನ ಕನ್ನಡ ಧ್ವನಿ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಓದಿಬಿಡುತ್ತದೆ. ಧ್ವನಿ ಯಾಂತ್ರಿಕ, ಒಪ್ಪುತ್ತೇನೆ. ಆದರೆ ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರ ಕಲಸುವುದಿಲ್ಲ. ನನಗೆ ಇನಿದನಿಗಿಂತ ಅದು ಮುಖ್ಯ.

ಮಿನಿಫ್ಲಕ್ಸಿನ ಕೈಮೀರಿದ ಸಂಗತಿಗಳೂ ಇವೆ. ಸ್ಥಳೀಯ ಪ್ರಕಟಣೆಗಳನ್ನು ಚಿತ್ರವಾಗಿ ಹಾಕಿದರೆ, ಆ ಚಿತ್ರಕ್ಕೆ ವಿವರಣೆ ಬರೆಯದಿದ್ದರೆ, ನನಗೆ ಸಿಗುವುದು ‘ಗ್ರಾಫಿಕ್’ ಎಂಬ ಒಂದು ಪದ. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಉಳಿದಿರುವ ಕನ್ನಡ ಪುಟಗಳು ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡದ ತಾಣ ನಡೆಸುವವರಲ್ಲಿ ನನ್ನ ಕಳಕಳಿಯ ಬೇಡಿಕೆ ಇದು: ಚಿತ್ರಕ್ಕೊಂದು ಸಾಲು ವಿವರಣೆ ಬರೆಯಿರಿ, ಫೀಡಿನಲ್ಲಿ ಇಡೀ ಬರಹ ಕೊಡಿ.

ಅಪ್ಪನ ಖಾತೆಯ ಬಗ್ಗೆಯೂ ಹೇಳಬೇಕು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು ಅವರು. ಈಗ ಗ್ಲಾಕೋಮಾದಿಂದ ದೃಷ್ಟಿ ಬಹಳ ಕುಗ್ಗಿದೆ. ವ್ಯಾಪಾರ ಬಿಟ್ಟರೂ ಎಪಿಎಂಸಿ ಹರಾಜಿನ ಧಾರಣೆ ಕೇಳದೆ ಅವರ ದಿನ ಶುರುವಾಗುವುದಿಲ್ಲ. ಮಿನಿಫ್ಲಕ್ಸಿನಲ್ಲಿ ಒಂದೇ ಯಂತ್ರದ ಮೇಲೆ ಹಲವರ ಖಾತೆ ತೆರೆಯಬಹುದು. ಫೀಡಿಗೆ ಉಳಿಸುವ ನಿಯಮ, ತಡೆಯುವ ನಿಯಮ ಎಂದು ಎರಡಿವೆ. ಅಪ್ಪನ ಖಾತೆಯ ಒಂದು ಸುದ್ದಿ ಫೀಡಿಗೆ ತಲೆಬರಹದಲ್ಲಿ ಕೊಬ್ಬರಿ, ತೆಂಗು ಎಂಬ ಪದಗಳಿದ್ದರೆ ಮಾತ್ರ ಉಳಿಸು ಎಂಬ ನಿಯಮ ಹಾಕಿದ್ದೇನೆ. ಕೆಲವರು ಕೊಬರಿ ಎಂದು ಬರೆಯುವುದರಿಂದ ಎರಡೂ ರೂಪಗಳನ್ನು ನಡುವೆ ನೇರಗೆರೆ (|) ಇಟ್ಟು ಬರೆಯಬೇಕು. ನನ್ನ ಖಾತೆಯಲ್ಲಿ ದಿನಭವಿಷ್ಯಕ್ಕೆ ತಡೆ ಹಾಕಿದ್ದೇನೆ. ಅಪ್ಪ ಟ್ಯಾಬ್ಲೆಟ್ಟಿನಲ್ಲಿ ಕಪ್ಪು ಹಿನ್ನೆಲೆಯ ವಿನ್ಯಾಸ ಇಟ್ಟುಕೊಂಡು ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿ ಓದುತ್ತಾರೆ. ಹಿಗ್ಗಿಸಿದರೂ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ಮಡಚಿಕೊಳ್ಳುತ್ತವೆ, ಅಡ್ಡಕ್ಕೆ ಸರಿಸಿ ಓದುವ ಪಾಡಿಲ್ಲ. “ಇವತ್ತಿನ ಧಾರಣೆ ಬಂದಿದೆಯೇನಮ್ಮ?” ಎಂದು ನನ್ನನ್ನು ಕೇಳುತ್ತಿದ್ದವರು ಈಗ ತಾವೇ ನನಗೆ ಧಾರಣೆ ಹೇಳುತ್ತಾರೆ.

ಮನೆಯಿಂದ ಹೊರಗೆ ಓದುವುದಕ್ಕೆ ಟೇಲ್‌ಸ್ಕೇಲ್ ಬಳಸುತ್ತೇನೆ. ಅನೇಕ ಮನೆಗಳ ಬ್ರಾಡ್‌ಬ್ಯಾಂಡಿನಲ್ಲಿ ನಮಗೆಂದೇ ಪ್ರತ್ಯೇಕ ಸಾರ್ವಜನಿಕ ವಿಳಾಸ ಇರುವುದಿಲ್ಲ. ಒಂದನ್ನೇ ಹಲವು ಮನೆಗಳು ಹಂಚಿಕೊಳ್ಳುತ್ತವೆ, ಆದ್ದರಿಂದ ಹೊರಗಿನಿಂದ ನೇರವಾಗಿ ಒಳಬರಲು ಆಗುವುದಿಲ್ಲ. ಟೇಲ್‌ಸ್ಕೇಲ್ ಮನೆಯ ಯಂತ್ರವನ್ನೂ ಮೊಬೈಲನ್ನೂ ಒಂದು ಖಾಸಗಿ ಜಾಲಕ್ಕೆ ಸೇರಿಸುತ್ತದೆ. ವೈಯಕ್ತಿಕ ಬಳಕೆಗೆ ಹಣ ಕೊಡಬೇಕಿಲ್ಲ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಆಂಡ್ರಾಯ್ಡ್ ಮೊಬೈಲಿನ ಸ್ಕ್ರೀನ್ ರೀಡರಾದ ಟಾಕ್‌ಬ್ಯಾಕ್‌ನ ಓದುವ ಆಯ್ಕೆಯನ್ನು ಶೀರ್ಷಿಕೆಗಳಿಗೆ ಇಟ್ಟು ಬೆರಳನ್ನು ಕೆಳಗೆ ಎಳೆದರೆ ಮನೆಯಲ್ಲಿದ್ದಂತೆಯೇ ತಲೆಬರಹದಿಂದ ತಲೆಬರಹಕ್ಕೆ ಹೋಗಬಹುದು. ಮನೆಯ ರೂಟರ್ ಆರಿದ್ದರೆ ಮಾತ್ರ ಏನೂ ಸಿಗದು. ರೂಟರಿಗೊಂದು ಸಣ್ಣ ಯುಪಿಎಸ್ ಇರಲಿ.

ನಿರ್ವಹಣೆ ಹೆಚ್ಚಿಲ್ಲ. ಆಗಾಗ ಡೆಬಿಯನ್ ಪರಿಷ್ಕರಣೆ, ದತ್ತಸಂಚಯದ ಒಂದು ಪ್ರತಿ ಪೆನ್ ಡ್ರೈವಿಗೆ, ಫೀಡ್‌ಗಳ ಪಟ್ಟಿ ಒಪಿಎಂಎಲ್ ಕಡತವಾಗಿ. ಈ ಕಡತವಿದ್ದರೆ ನಾಳೆ ಬೇರೆ ರೀಡರಿಗೆ ಹೋಗುವುದಾದರೂ ಪಟ್ಟಿಯನ್ನು ಮತ್ತೆ ಕಟ್ಟಬೇಕಿಲ್ಲ. ಕಮಾಂಡ್ ಎಂದರೆ ಬೇಸರಪಡುವವರಿಗೆ, ಮನೆಯಲ್ಲಿ ನೆರವಾಗುವವರು ಯಾರೂ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಮಿನಿಫ್ಲಕ್ಸನ್ನು ಹಣ ತೆತ್ತು ಬಳಸುವ ಸೇವೆಯಾಗಿಯೂ ಕೊಡುತ್ತಾರೆ, ಅವರಿಗೆ ಅದೇ ಸರಿ. ಉಳಿದವರು ಧೈರ್ಯವಾಗಿ ಕೈ ಹಾಕಬಹುದು.

ಕನ್ನಡದ ಕೊರತೆಯನ್ನು ಹಾಗೆಯೇ ಬಿಡಲು ನನಗೆ ಮನಸ್ಸಿಲ್ಲ. ಮಿನಿಫ್ಲಕ್ಸಿನ ಆಕರ ಮುಕ್ತವಾಗಿದೆ. ಪ್ರತಿ ಭಾಷೆಗೆ ಒಂದೊಂದು ಅನುವಾದದ ಕಡತವಿದೆ. ಕನ್ನಡದ ಕಡತವನ್ನು ಅಕ್ಕನ ಮಗನೂ ನಾನೂ ಸೇರಿ ಶುರುಮಾಡಿದ್ದೇವೆ. ಅದು ಸೇರ್ಪಡೆಯಾದ ಮೇಲೆ ಕನ್ನಡವನ್ನು ಆರಿಸಿಕೊಂಡವರ ಪುಟ ಕನ್ನಡದ್ದೆಂದೇ ಗುರುತಾಗುತ್ತದೆ, ನಾನು ಮಾಡಿಕೊಂಡಿರುವ ಪ್ರೊಫೈಲಿನ ಅಗತ್ಯ ಇನ್ನೊಬ್ಬರಿಗೆ ಬೀಳುವುದಿಲ್ಲ.