ನಮ್ಮ ಕಲಬುರಗಿಯ ಒಂದು ಕ್ರಿಕೆಟ್ ಕೋಚಿಂಗ್: ನೆಟ್ ಹರದಾವ, ಶಿಸ್ತು ಗಟ್ಟಿ ಅದ

ಮಗನಿಗೆ ಮನಿ ಹತ್ತಿರದ ಕ್ರಿಕೆಟ್ ಕೋಚಿಂಗಿಗೆ ಹಾಕೀನಿ. ನೆಟ್ ಅಲ್ಲಲ್ಲಿ ಹರದಾವ, ಕುಡಿಯೋ ನೀರು ಮನಿಯಿಂದಲೇ ಒಯ್ಯಬೇಕು, ಬೌಲಿಂಗ್ ಕಲಿಸೋದು ಸಾಧಾರಣ. ಆದ್ರೂ ಬಿಡಿಸಿಲ್ಲ. ಕಾರಣ ಕೋಚ್ ಸರ್.

ರಿಂಗ್ ರೋಡಿನ್ಯಾಗ ಬೈಕ್ ವ್ಹೀಲಿಂಗ್ ಮಾಡಿದ ಹುಡುಗನಿಗೆ, ಟೀಮಿನ್ಯಾಗ ಅವನೇ ಛಲೋ ಬ್ಯಾಟ್ಸ್‌ಮನ್ ಇದ್ರೂ, ಸರ್ ಮ್ಯಾಚ್ ಆಡಸ್ಲಿಲ್ಲ. ಅವರಪ್ಪ ಬಂದು ಜಗಳಾಡಿದ್ರೂ ಜಗ್ಗಲಿಲ್ಲ. ಎಲ್ಲಾರ್ನೂ ಕೂಡಿಸಿ ತಿಳಿಸಿ ಹೇಳಿದ್ರು: 2017ರಾಗ ಬ್ರಿಸ್ಟಲ್‌ನ ನೈಟ್‌ಕ್ಲಬ್ ಹೊರಗ ಹೊಡೆದಾಟ ಆಗಿ ಇಂಗ್ಲೆಂಡಿನ ಆಟಗಾರ ಬೆನ್ ಸ್ಟೋಕ್ಸ್ ಆಸ್ಟ್ರೇಲಿಯಾ ವಿರುದ್ಧದ ಇಡೀ ಆಶಸ್ ಟೆಸ್ಟ್ ಸರಣಿ ಕಳ್ಕೊಂಡ್ರು. ಮರುವರ್ಷ ಕೋರ್ಟ್ ನಿರ್ದೋಷಿ ಅಂತು, ಹೋದ ಸರಣಿ ಮಾತ್ರ ಹೋಯ್ತು. 2019ರಾಗ ಟಿವಿ ಶೋನ್ಯಾಗ ಹೆಣ್ಮಕ್ಕಳ ಬಗ್ಗೆ ಹಗುರಾಗಿ ಆಡಿದ ಮಾತಿಗೆ ಹಾರ್ದಿಕ್ ಪಾಂಡ್ಯ, ನಮ್ಮ ಕೆ.ಎಲ್. ರಾಹುಲ್ ಆಸ್ಟ್ರೇಲಿಯಾದಿಂದ ವಾಪಸ್ ಬರಬೇಕಾತು, ಮ್ಯಾಲ ತಲಾ 20 ಲಕ್ಷ ದಂಡ. ಅದರಾಗ ಅರ್ಧ ಹುತಾತ್ಮರಾದ ಅರೆಸೇನಾ ಪಡೆ ಪೇದೆಗಳ ಪತ್ನಿಯರಿಗೆ, ಅರ್ಧ ಅಂಧರ ಕ್ರಿಕೆಟಿಗೆ. ಇಂಥಾ ದಂಡ ನನಗ ಭಾಳ ಸರಿ ಅನಸ್ತದ, ಬರೇ ಮ್ಯಾಚ್ ನಿಲ್ಲಿಸೋದಕ್ಕಿಂತ.

ಹೆಣ್ಮಕ್ಕಳೂ ಅಲ್ಲೇ ಆಡ್ತಾರ, ಅವರಿಗೆ ಯಾರೂ ಒಂದು ಮಾತು ಅನ್ನಂಗಿಲ್ಲ.

ಬೇಸಿಗಿ ಬ್ಯಾಚು ಬೆಳಿಗ್ಗೆ ಆರಕ್ಕ ಶುರುವಾಗಿ ಬಿಸಿಲೇರೋದ್ರೊಳಗ ಮುಗೀತದ. ಹರದ ನೆಟ್ ಮಾತ್ರ ಲಗೂನ ಬದಲಿಸ್ರಿ ಸರ್.